ಅಲಾಸ್ಕಾದಲ್ಲಿ ಆರ್‌ವಿ ಓಡಿಸಿಕೊಂಡು ಹೋಗಿ ಗ್ಲೇಸಿಯರ್ (ಹಿಮನದಿ) ನೋಡಲು ಬೋಟ್ ಎಲ್ಲಿ ಹತ್ತಬೇಕು, ಸೀವರ್ಡ್‌ನಲ್ಲೋ ವಿಟ್ಟಿಯರ್‌ನಲ್ಲೋ?

ಆಂಕರೇಜ್‌ನಲ್ಲಿ ಆರ್‌ವಿ (ಒಳಗೇ ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿ) ಬಾಡಿಗೆಗೆ ಹಿಡಿದು ಜೂನ್‌ನಲ್ಲಿ ಇಬ್ಬರೇ ಹೊರಡುತ್ತೀರಿ, ಬೋಟ್‌ಗೆ ಒಂದೇ ಸಲ ದುಡ್ಡು ಹಾಕಲು ಸಾಧ್ಯ ಅಂತ ಬರೆದಿದ್ದೀರಿ. ಜೊತೆಗೆ ನಿಮ್ಮ ಮನೆಯವರಿಗೆ ಬಸ್ಸು ಹತ್ತಿದರೂ ವಾಂತಿ ಬರುತ್ತದೆ ಅಂತಲೂ. ಹಾಗಿದ್ದರೆ ಯೋಚನೆಯೇ ಬೇಡ, ವಿಟ್ಟಿಯರ್.

ನಾನು, ನನ್ನ ಹೆಂಡತಿ ಎರಡೂ ಕಡೆ ಹೋಗಿದ್ದೇವೆ. ಸೀವರ್ಡ್‌ನಿಂದ ಕೀನೈ ಫ್ಯೋರ್ಡ್ಸ್ ನ್ಯಾಷನಲ್ ಪಾರ್ಕ್‌ಗೆ ಹೋಗುವ ಬೋಟ್ ರೆಸರೆಕ್ಷನ್ ಬೇ ದಾಟಿದ ಮೇಲೆ ತೆರೆದ ಸಮುದ್ರಕ್ಕೆ ಬೀಳುತ್ತದೆ. ತಿಮಿಂಗಿಲ, ಪಫಿನ್ ಹಕ್ಕಿ, ಸೀ ಲಯನ್ ನೋಡಲು ಅದೇ ಒಳ್ಳೆಯದು, ಒಪ್ಪುತ್ತೇನೆ. ಆದರೆ ಅಲೆ ಜೋರಿದ್ದ ದಿನ ಅರ್ಧ ಜನ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುತ್ತಾರೆ. ವಿಟ್ಟಿಯರ್ ಇರುವ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಗೆ ದ್ವೀಪಗಳು, ಬೆಟ್ಟಗಳು ಅಡ್ಡ ನಿಂತಿವೆ. ಹಾಗಾಗಿ ನೀರು ಬಹುಮಟ್ಟಿಗೆ ಶಾಂತ. ಬ್ಲ್ಯಾಕ್‌ಸ್ಟೋನ್ ಬೇ ಕಡೆಗೆ ಹೋಗುವ ಬೋಟ್ ಆದರೆ ಬೇಗ ಮುಗಿಯುತ್ತದೆ. ಸರ್ಪ್ರೈಸ್ ಗ್ಲೇಸಿಯರ್‌ವರೆಗೆ ಹೋಗುವುದಕ್ಕೆ ಸಮಯ ಜಾಸ್ತಿ ಬೇಕು.

ಗ್ಲೇಸಿಯರ್ ಎದುರು ಎಂಜಿನ್ ತಗ್ಗಿಸಿ ಬೋಟ್ ನಿಲ್ಲಿಸುತ್ತಾರೆ. ಮೊದಲು ಒಂದು ತುಂಡು ಕಳಚಿ ಬೀಳುವುದು ಕಾಣುತ್ತದೆ, ಆಮೇಲೆ ಗುಡುಗಿನಂತಹ ಸದ್ದು ಬರುತ್ತದೆ. ಸದ್ದು ಕೇಳಿದ ಮೇಲೆ ಫೋನ್ ಎತ್ತಿದರೆ ಏನೂ ಸಿಗಲ್ಲ. ಜೂನ್ ಆದರೂ ಅಲ್ಲಿ ಗಾಳಿ ಕೊರೆಯುತ್ತದೆ, ಟೋಪಿ, ಕೈಗವಸು ಇರಲಿ. ವಾಂತಿ ಮಾತ್ರೆ ಯಾವುದು ಅಂತ ಡಾಕ್ಟರನ್ನು ಕೇಳಿ, ಬೋಟ್ ಹತ್ತುವ ಮೊದಲೇ ನುಂಗಿಸಿಬಿಡಿ.

ಈಗ ಆರ್‌ವಿ ವಿಷಯ. ಆಂಕರೇಜ್‌ನಿಂದ ವಿಟ್ಟಿಯರ್ ಸುಮಾರು 60 ಮೈಲಿ. ಆದರೆ ಟರ್ನಗೇನ್ ಆರ್ಮ್ ಎಂಬ ಕೊಲ್ಲಿಯ ಪಕ್ಕದ ರಸ್ತೆಯಲ್ಲಿ ನೋಡಲು ನಿಲ್ಲಿಸುತ್ತಾ ನಿಲ್ಲಿಸುತ್ತಾ ಹೊತ್ತು ಹೋಗುತ್ತದೆ. (ನೀರಿಳಿದಾಗ ಕಾಣುವ ಆ ಕೆಸರಿನ ಮೇಲೆ ಮಾತ್ರ ಕಾಲಿಡಬೇಡಿ, ಹೂತುಹೋಗುತ್ತದೆ.) ನಿಮ್ಮ ಹಿಂದೆ ಐದು ಗಾಡಿ ಸಾಲುಗಟ್ಟಿದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಅಲ್ಲಿನ ಕಾನೂನೇ ಹಾಗೆ.

ಕೊನೆಗೆ ಸಿಗುವುದು ಎರಡೂವರೆ ಮೈಲಿಯ ಸುರಂಗ. ಒಂದೇ ಲೇನ್, ರೈಲೂ ಅದರಲ್ಲೇ ಓಡುತ್ತದೆ! ಬೇಸಿಗೆಯಲ್ಲಿ ಸಾಮಾನ್ಯವಾಗಿ ವಿಟ್ಟಿಯರ್ ಕಡೆಗೆ ಅರ್ಧ ಗಂಟೆಗೆ ಬಿಡುತ್ತಾರೆ, ಅಂದರೆ 9:30, 10:30 ಹೀಗೆ. ವಾಪಸ್ ಬರುವವರಿಗೆ ಸರಿ ಗಂಟೆಗೆ. ತಪ್ಪಿದರೆ ಇನ್ನೊಂದು ಗಂಟೆ ಕಾಯಬೇಕು, ಬೋಟ್ ಕಾಯಲ್ಲ. ಟೋಲ್ ಹೋಗುವಾಗ ಮಾತ್ರ, ದೊಡ್ಡ ಆರ್‌ವಿಗೆ ಕಾರಿಗಿಂತ ಜಾಸ್ತಿ. ಹಿಂದಿನ ರಾತ್ರಿ ಸುರಂಗದ ಈಚೆಗಿರುವ ಪೋರ್ಟೇಜ್ ಕಣಿವೆಯ ವಿಲಿವಾ ಕ್ಯಾಂಪ್‌ಗ್ರೌಂಡ್‌ನಲ್ಲೇ ಉಳಿಯಿರಿ. ಕರೆಂಟ್ ಕನೆಕ್ಷನ್ ಇಲ್ಲ, ನೀರಿನ ಟ್ಯಾಂಕ್ ಮೊದಲೇ ತುಂಬಿಸಿಕೊಳ್ಳಿ.

ಸೀವರ್ಡ್ ಬಿಡಬೇಡಿ, ಬೋಟ್ ಬಿಡಿ. ಕಡಲಂಚಿನಲ್ಲೇ ಆರ್‌ವಿ ನಿಲ್ಲಿಸಬಹುದು. ಹತ್ತಿರದ ಎಕ್ಸಿಟ್ ಗ್ಲೇಸಿಯರ್‌ಗೆ ರಸ್ತೆಯಿದೆ, ಟಿಕೆಟ್ ಇಲ್ಲ. ಹಿಮ ಯಾವ ವರ್ಷ ಎಲ್ಲಿವರೆಗಿತ್ತು ಅಂತ ದಾರಿಯುದ್ದಕ್ಕೂ ಫಲಕ ನೆಟ್ಟಿದ್ದಾರೆ. ಪಾರ್ಕಿಂಗ್ ಚಿಕ್ಕದು, ಬೆಳಿಗ್ಗೆ ಬೇಗ ಹೋಗಿ.

ವಿಟ್ಟಿಯರ್ ಬೋಟಿಗೂ ನಿಮ್ಮ ಮನೆಯವರು ಹೆದರಿದರೆ ಪೋರ್ಟೇಜ್ ಸರೋವರದ ಬೋಟ್ ಇದೆ. ಒಂದು ಗಂಟೆಯ ಸುತ್ತು, ಸುರಂಗವನ್ನೂ ದಾಟಬೇಕಿಲ್ಲ.