4×5 ಇಂಚಿನ ಹಾಳೆ ಫಿಲಂ ಬಳಸುವ ಕ್ಯಾಮೆರಾದಲ್ಲಿ ಸ್ಟುಡಿಯೋ ಪೋರ್ಟ್ರೇಟ್ ಕಲಿಯುತ್ತಿದ್ದೇನೆ. ಮೀಟರ್ ಹೇಳಿದಂತೆ ಕೊಟ್ಟರೂ ನೆಗೆಟಿವ್ ತೆಳು, ಕಣ್ಣು ಮಸುಕು. ಯಾಕೆ?

ಎರಡಕ್ಕೂ ಮೂಲ ಒಂದೇ: ಫಿಲಂ ಮೇಲೆ ಮುಖ ದೊಡ್ಡದಾಗಿ ಬೀಳುತ್ತಿದೆ. ತಲೆಯಿಂದ ಎದೆಯವರೆಗಿನ ಸುಮಾರು 48 ಸೆಂಟಿಮೀಟರ್ ಭಾಗ 12 ಸೆಂಟಿಮೀಟರ್ ಹಾಳೆಯಲ್ಲಿ ಕೂರಬೇಕಾದರೆ ಬಿಂಬ ನಿಜದ ಕಾಲು ಭಾಗದಷ್ಟಿರುತ್ತದೆ. 35 ಎಂಎಂ ಕ್ಯಾಮೆರಾದಲ್ಲಿ ಅದೇ ಚೌಕಟ್ಟಿಗೆ ಹದಿಮೂರನೇ ಒಂದು ಭಾಗ ಸಾಕು. ಹಾಗಾಗಿ ಅಲ್ಲಿಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಮೊದಲು ತೆಳು ನೆಗೆಟಿವ್. ಹತ್ತಿರದ ಮುಖಕ್ಕೆ ಫೋಕಸ್ ಮಾಡಲು ಬೆಲ್ಲೋಸ್ (ಲೆನ್ಸಿಗೂ ಫಿಲಂಗೂ ನಡುವಿನ ಮಡಿಕೆಯ ಚೀಲ) ಎಳೆದಷ್ಟೂ ಫಿಲಂಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ಮುಖದ ಬಳಿ ಹಿಡಿದ ಮೀಟರ್‌ಗೆ ಇದು ಗೊತ್ತಾಗುವುದಿಲ್ಲ. ಟೈಲರ್ ಟೇಪಿನಲ್ಲಿ ಲೆನ್ಸ್ ಕೂರಿಸಿದ ಲೆನ್ಸ್ ಬೋರ್ಡಿನಿಂದ, ಹಿಂದೆ ಬಿಂಬ ಮೂಡುವ ಮಸುಕು ಗಾಜಾದ ಗ್ರೌಂಡ್ ಗ್ಲಾಸ್‌ವರೆಗೆ ಅಳೆದು, ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 210 ಎಂಎಂ ಲೆನ್ಸಿನಲ್ಲಿ ಎದೆಮಟ್ಟದ ಚಿತ್ರಕ್ಕೆ ಬೆಲ್ಲೋಸ್ 262 ಎಂಎಂ ಆಗುತ್ತದೆ. ಲೆಕ್ಕ 1.56, ಅಂದರೆ ಮೂರನೇ ಎರಡು ಸ್ಟಾಪ್ ಹೆಚ್ಚು ಕೊಡಬೇಕು (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು). ಬರೀ ಮುಖ ತುಂಬಿಸಿದರೆ 294 ಎಂಎಂ, ಪೂರ್ತಿ ಒಂದು ಸ್ಟಾಪ್. ಇದನ್ನು ಸೇರಿಸಿದ ಮೇಲೂ ತೆಳುವಾಗಿಯೇ ಬಂದರೆ ನೆರಳಿನ ಭಾಗ ನೋಡಿ. ಅಲ್ಲಿ ವಿವರವಿದ್ದು ಬೆಳಕಿನ ಭಾಗ ಮಾತ್ರ ಸಪ್ಪೆಯಾಗಿದ್ದರೆ ತಪ್ಪು ಡೆವಲಪಿಂಗ್‌ನದು. ಐಡಿ-11 ಡೆವಲಪರನ್ನು ಸಮ ಪಾಲು ನೀರಿಗೆ (1+1) ಬೆರೆಸಿದಾಗ ಎಚ್‌ಪಿ5 ಫಿಲಂಗೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕು. ನಮ್ಮ ನಲ್ಲಿ ನೀರಿನಂತೆ 24 ಡಿಗ್ರಿ ಇದ್ದರೆ ಸುಮಾರು 9 ಸಾಕು.

ಈಗ ಕಣ್ಣು. ಇದೇ ಅಳತೆಯಲ್ಲಿ ಎಫ್/5.6ಕ್ಕೆ ಸ್ಪಷ್ಟವಾಗಿರುವ ಆಳ ಎರಡು ಸೆಂಟಿಮೀಟರ್ ಚಿಲ್ಲರೆ, ಎಫ್/11ಕ್ಕೆ ನಾಲ್ಕೂವರೆ, ಎಫ್/22ಕ್ಕೆ ಒಂಬತ್ತರ ಆಸುಪಾಸು. ಕೂತವರು ಉಸಿರು ಬಿಟ್ಟು ಭುಜ ಸಡಿಲಿಸಿದರೂ ಎರಡು ಸೆಂಟಿಮೀಟರ್ ಜರುಗುತ್ತಾರೆ, ಆ ಹೊತ್ತಿಗೆ ನೀವು ಫಿಲಂ ಇರುವ ಹೋಲ್ಡರ್ ತುರುಕಿರುತ್ತೀರಿ, ಗಾಜಿನಲ್ಲಿ ನೋಡುವಂತಿಲ್ಲ. ಕಲಿಯುವಾಗ ಎಫ್/16ಕ್ಕಿಂತ ಅಗಲ ತೆರೆಯಬೇಡಿ. 400 ವ್ಯಾಟ್-ಸೆಕೆಂಡಿನ ಒಂದು ಫ್ಲ್ಯಾಶ್, ಮೀಟರ್ ದೂರದಲ್ಲಿ ಸಾಫ್ಟ್‌ಬಾಕ್ಸ್, 400 ಐಎಸ್‌ಒ ಫಿಲಂ ಇದ್ದರೆ ಇದು ಸುಲಭ. ಬರೀ ಎಲ್‌ಇಡಿ ದೀಪ ನೆಚ್ಚಿಕೊಂಡರೆ ಷಟರ್ ಕಾಲು ಸೆಕೆಂಡಿಗೆ ಇಳಿಯಬಹುದು, ಆಗ ಅಲುಗಾಟವೂ ಸೇರಿಕೊಳ್ಳುತ್ತದೆ.

ಸ್ಟೂಲ್ ಬೇಡ, ಬೆನ್ನಿರುವ ಕುರ್ಚಿ ಕೊಡಿ. ತಲೆಯ ಹಿಂದೆ, ಕ್ಯಾಮೆರಾಗೆ ಕಾಣದಂತೆ, ಒಂದು ಲೈಟ್ ಸ್ಟ್ಯಾಂಡ್ ಮೆಲ್ಲಗೆ ತಾಗುವಂತೆ ನಿಲ್ಲಿಸಿ; 19ನೇ ಶತಮಾನದ ಸ್ಟುಡಿಯೋಗಳ ತಲೆಯಾಸರೆಯೂ ಇದೇ ಕೆಲಸಕ್ಕೆ. ಇದರ ಜೊತೆಗೆ ಲೆನ್ಸ್ ಹಿಡಿದಿರುವ ಚೌಕಟ್ಟಿಗೆ (ಲೆನ್ಸ್ ಸ್ಟ್ಯಾಂಡರ್ಡ್) ದಾರ ಕಟ್ಟಿ, ಫೋಕಸ್ ಆದಾಗ ಕೆನ್ನೆಮೂಳೆಗೆ ತಾಗುವಲ್ಲಿ ಗಂಟು ಹಾಕಿ. ಕ್ಲಿಕ್ಕಿಸುವ ಮುನ್ನ ದಾರ ಎಳೆದು ನೋಡಿದರೆ ಜರುಗಿದ್ದಾರೋ ಇಲ್ಲವೋ ತಿಳಿಯುತ್ತದೆ. ದುಬಾರಿ ಸಾಧನಗಳಿಗಿಂತ ಈ ದಾರದ ಮೇಲೆ ನನಗೆ ನಂಬಿಕೆ ಹೆಚ್ಚು.

ಮುಖ ಓರೆಯಾಗಿದ್ದು ದೂರದ ಕಣ್ಣು ಮಾತ್ರ ಮಸುಕಾದರೆ ಕ್ಯಾಮೆರಾ ಮುಂಭಾಗದ ಸ್ವಿಂಗ್, ಅಂದರೆ ಲೆನ್ಸನ್ನು ಎಡಬಲಕ್ಕೆ ತಿರುಗಿಸುವ ಸೌಲಭ್ಯ, ಬಳಸಿ. ಎರಡೂ ಕಣ್ಣು ಸೇರಿಸುವ ಗೆರೆಗೆ ಸಮಾನಾಂತರವಾಗುವ ದಿಕ್ಕಿಗೆ ಲೆನ್ಸ್ ತಿರುಗಿಸಿ. ಮುಖ 30 ಡಿಗ್ರಿ ತಿರುಗಿದ್ದರೆ ಲೆನ್ಸಿಗೆ ಆರೇಳು ಡಿಗ್ರಿ ಸಾಕು. ತಿರುಗಿಸಿದ ಮೇಲೆ ಮತ್ತೆ ಫೋಕಸ್ ಮಾಡಬೇಕು. ಉಳಿದ ಮೂವ್‌ಮೆಂಟ್‌ಗಳೆಲ್ಲ ಸೊನ್ನೆಯಲ್ಲೇ ಇರಲಿ.

ಲೆನ್ಸ್ 210 ಎಂಎಂ ಇದ್ದರೆ ಒಳ್ಳೆಯದು. 150ರಲ್ಲಿ ಇದೇ ಚೌಕಟ್ಟಿಗೆ 75 ಸೆಂಟಿಮೀಟರ್‌ವರೆಗೆ ಹೋಗಬೇಕಾಗುತ್ತದೆ, ಮೂಗು ಉಬ್ಬಿ ಕಾಣುತ್ತದೆ. 300 ಕೊಳ್ಳುವ ಮುನ್ನ ಬೆಲ್ಲೋಸ್ 375 ಎಂಎಂವರೆಗೆ ಎಳೆಯುತ್ತದಾ ಪರೀಕ್ಷಿಸಿ. ಮಡಚುವ ಫೀಲ್ಡ್ ಕ್ಯಾಮೆರಾಗಳು ಎಷ್ಟೋ 300ಕ್ಕೇ ನಿಂತುಬಿಡುತ್ತವೆ.

ಕೆಲಸದ ಕ್ರಮ ಬಾಯಿಪಾಠವಾಗಲಿ: ಅಪರ್ಚರ್ ಪೂರ್ತಿ ತೆರೆದು ಗಾಜಿನ ಮೇಲೆ ಲೂಪ್ (ಭೂತಗನ್ನಡಿ) ಇಟ್ಟು ಹತ್ತಿರದ ಕಣ್ಣಿಗೆ ಫೋಕಸ್, ಷಟರ್ ಮುಚ್ಚು, ಅಪರ್ಚರ್ ಇಳಿಸು, ಷಟರ್ ಕಾಕ್ ಮಾಡು (ಸ್ಪ್ರಿಂಗ್ ಬಿಗಿ ಮಾಡು), ಹೋಲ್ಡರ್ ಹಾಕು, ದಾರ ನೋಡು, ಡಾರ್ಕ್ ಸ್ಲೈಡ್ (ಹೋಲ್ಡರಿನ ಮುಚ್ಚುಹಲಗೆ) ಎಳೆ, ಕೇಬಲ್ ಒತ್ತು, ಸ್ಲೈಡನ್ನು ಕಪ್ಪು ಬದಿ ಹೊರಗೆ ಬರುವಂತೆ ಹಾಕು. ಷಟರ್ ಮುಚ್ಚುವುದನ್ನು ಮರೆತರೆ ಹಾಳೆ ಪೂರ್ತಿ ಕಪ್ಪಾಗುತ್ತದೆ. ಹಳೆಯ ಷಟರ್‌ನಲ್ಲಿ ಎಂ (ಹಳೆಯ ಬಲ್ಬ್ ಫ್ಲ್ಯಾಶಿಗೆ) ಮತ್ತು ಎಕ್ಸ್ (ಈಗಿನ ಫ್ಲ್ಯಾಶಿಗೆ) ಎಂಬ ಕೀಲಿ ಇದ್ದರೆ ಎಕ್ಸ್‌ನಲ್ಲಿಡಿ, ಇಲ್ಲವಾದರೆ ಫ್ಲ್ಯಾಶ್ ಹೊಡೆದರೂ ಫಿಲಂ ಖಾಲಿ ಬರಬಹುದು. ಫಿಲಂ ತುಂಬುವಾಗ ಹಾಳೆಯನ್ನು ಉದ್ದಕ್ಕೆ ಹಿಡಿದು, ಅಂಚಿನ ಕಚ್ಚು ಬಲ ಮೇಲ್ಮೂಲೆಗೆ ಬಂದರೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ನಿಮ್ಮ ಕಡೆ ಇದೆ ಎಂದರ್ಥ.

ಅಭ್ಯಾಸಕ್ಕೆ ದುಬಾರಿ ಹಾಳೆ ಸುಡಬೇಡಿ. ಆಸ್ಪತ್ರೆ ಸಾಮಗ್ರಿಯ ಅಂಗಡಿಯಲ್ಲಿ 8×10 ಇಂಚಿನ, ಹಸಿರು ಬೆಳಕಿಗೆ ಸ್ಪಂದಿಸುವ ಎಕ್ಸ್-ರೇ ಫಿಲಂ ಸಿಕ್ಕರೆ ಕೆಂಪು ದೀಪದಲ್ಲೇ ನಾಲ್ಕು ತುಂಡು ಮಾಡಬಹುದು. ಪ್ರತಿ ತುಂಡನ್ನೂ ಒಂದೂವರೆ ಮಿಲಿಮೀಟರ್ ಕಡಿಮೆ ಕತ್ತರಿಸಿ, ಇಲ್ಲವಾದರೆ ಹೋಲ್ಡರ್‌ಗೆ ಹೋಗುವುದಿಲ್ಲ. ಐಎಸ್‌ಒ 80 ಎಂದಿಟ್ಟುಕೊಂಡು ಶುರು ಮಾಡಿ. ಅದಕ್ಕೆ ಬೆಳಕೂ ಹೆಚ್ಚು ಬೇಕು, ಹಾಗಾಗಿ ಸಾಫ್ಟ್‌ಬಾಕ್ಸ್ ಇನ್ನಷ್ಟು ಹತ್ತಿರ ತರಬೇಕಾಗಬಹುದು. ಕೆಂಪು ಬಣ್ಣ ಇದಕ್ಕೆ ಕಾಣದು, ಆದ್ದರಿಂದ ತುಟಿ ಕಪ್ಪಗೆ, ಮೊಡವೆ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಎರಡೂ ಬದಿ ಎಮಲ್ಷನ್ ಇರುವುದರಿಂದ ಟ್ರೇ ತಳಕ್ಕೆ ತಾಗಿದರೂ ಗೀರು ಬೀಳುತ್ತದೆ; ತಳದಲ್ಲಿ ನುಣುಪಾದ ಗಾಜಿಟ್ಟು ಒಂದೊಂದೇ ಹಾಳೆ ತೊಳೆಯಿರಿ.