ಬಾಣಂತಿಗೆ ನೀರು ಕಡಿಮೆ ಕೊಡಬೇಕು, ಸೊಪ್ಪು-ಕಾಳು ಕೊಡಬಾರದು ಅಂತಾರೆ. ನಿಜವೇ?

ನಿಜವಲ್ಲ. ನಮ್ಮ ಹಳ್ಳಿಗಳಲ್ಲಿ ಬಾಣಂತಿಗೆ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಇಷ್ಟೇ ಕೊಟ್ಟು, ನೀರನ್ನೂ ಅಳೆದು ಕೊಡುವ ಮನೆಗಳು ಇನ್ನೂ ಇವೆ. ತಾಯಿ ನೀರು ಕುಡಿದರೆ ಕೂಸಿಗೆ ಶೀತ ಆಗುವುದಿಲ್ಲ. ಬಾಯಾರಿದಷ್ಟೂ ಕುಡಿಯಲಿ.

ದೊಡ್ಡ ತೊಂದರೆ ಇರುವುದು ಬರೀ ಬಿಳಿ ಅನ್ನದ ಪಥ್ಯದಲ್ಲಿ. ಅಕ್ಕಿ ಪಾಲಿಶ್ ಮಾಡುವಾಗ ಬಿ1 ಜೀವಸತ್ವ ಬಹುಪಾಲು ತೌಡಿನ ಜೊತೆ ಹೋಗುತ್ತದೆ. ಉಳಿದದ್ದರಲ್ಲೂ ಒಂದಿಷ್ಟು ಅನ್ನ ಬಸಿದ ಗಂಜಿಯಲ್ಲಿ ಹೋಗುತ್ತದೆ. ತಾಯಿಗೆ ಸಿಗದಿದ್ದರೆ ಎದೆಹಾಲಿನಲ್ಲೂ ಕಡಿಮೆಯಾಗುತ್ತದೆ. ಆಗ ಎರಡು-ಮೂರು ತಿಂಗಳ ಕೂಸಿಗೆ ಬೆರಿಬೆರಿ (ಬಿ1 ಕೊರತೆಯಿಂದ ಬರುವ ಕಾಯಿಲೆ) ಬಂದು ಹೃದಯಕ್ಕೇ ಪೆಟ್ಟು ಬೀಳಬಹುದು. ತೊಗರಿಬೇಳೆ, ಹೆಸರುಕಾಳು, ಶೇಂಗಾ ತಿಂದರೆ ಈ ಭಯ ಕಡಿಮೆ. ಇವೆಲ್ಲ ನಮ್ಮ ಹೊಲದಲ್ಲೇ ಬೆಳೆಯುತ್ತವೆ, ಅಲ್ವಾ? ಬೆಳೆದವಳಿಗೇ ಪಥ್ಯ!

ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು. ಹೆಚ್ಚುಕಡಿಮೆ ಇನ್ನೊಂದು ಊಟವೇ ಆಯಿತು. ರಾಗಿಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಇರಲಿ. ಅಜ್ಜಿಯರ ಅಂಟಿನುಂಡೆಗೆ ನನ್ನ ತಕರಾರಿಲ್ಲ, ಅದು ಒಳ್ಳೆಯದೇ. ಆದರೆ ಊಟದ ಬದಲಿಗೆ ಅಲ್ಲ, ಊಟದ ಜೊತೆಗೆ.

ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟವಿದೆ. ಹೆರಿಗೆಯಾದ ಮೇಲೂ 6 ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಬೇಕು, ಅದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ಪಡೆಯಿರಿ.