ಗುಂಯ್‌ಗುಡುವ ಆಂಪ್‌ಗೆ ಅರ್ತ್ ಕೀಳುವುದು ಮದ್ದಲ್ಲ

ಗಿಟಾರ್, ಆಂಪ್ಲಿಫೈಯರ್, ಎಫೆಕ್ಟ್ ಪೆಡಲ್‌ಗಳನ್ನು ಮನೆಯಲ್ಲೇ ಕಟ್ಟುವವರ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಬೆಸುಗೆ ಹಾಕಲು ಮತ್ತು ಮೀಟರ್ ಹಿಡಿಯಲು ಬರುತ್ತದೆ ಎಂದೇ ಭಾವಿಸಿ ಬರೆದಿದ್ದೇನೆ. ಅಷ್ಟು ಬಾರದವರು ವಾಲ್ವ್ ಆಂಪ್‌ಗೆ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ನಡೆಯುವ ಆಂಪ್ಲಿಫೈಯರ್) ಸದ್ಯ ಕೈ ಹಾಕಬಾರದು.

ಪ್ರಶ್ನೆ: ಫೆಂಡರ್ ಚಾಂಪ್ 5ಎಫ್1 ನಕ್ಷೆಯಂತೆ ಸಣ್ಣ ವಾಲ್ವ್ ಆಂಪ್ ಕಟ್ಟಿದ್ದೇನೆ. ಕಂಪ್ಯೂಟರ್‌ಗೂ ಅದಕ್ಕೂ ಕೇಬಲ್ ಹಾಕಿದರೆ ಗುಂಯ್ ಎನ್ನುತ್ತದೆ. ಪ್ಲಗ್‌ನ ಅರ್ತ್ ತಂತಿ ಬಿಚ್ಚಿಬಿಡಿ ಎಂದು ರಿಪೇರಿ ಅಂಗಡಿಯವರು ಹೇಳಿದರು. ಬಿಚ್ಚಿದೆ, ಸದ್ದು ನಿಂತಿತು. ಹಾಗೇ ಇರಲಿ ಎನ್ನಬಹುದೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಖಂಡಿತ ಬೇಡ. ಮೊದಲು ಆ ತಂತಿಯನ್ನು ಇದ್ದ ಜಾಗದಲ್ಲಿ ಕೂಡಿಸಿ, ಆಮೇಲೆ ಮುಂದೆ ಓದಿ. ನಿಮ್ಮ ಗಿಟಾರಿನ ತಂತಿಗಳು ಬ್ರಿಡ್ಜ್‌ನಿಂದ ಜ್ಯಾಕ್‌ಗೆ, ಜ್ಯಾಕ್‌ನಿಂದ ಕೇಬಲ್‌ನ ಹೊರಹೆಣಿಗೆಗೆ, ಅಲ್ಲಿಂದ ಆಂಪ್‌ನ ಲೋಹದ ಚಾಸಿಸ್‌ಗೆ (ಒಳಗಿನ ಚೌಕಟ್ಟಿಗೆ) ಸೇರಿರುತ್ತವೆ, ಅಂದರೆ ನುಡಿಸುವಷ್ಟು ಹೊತ್ತೂ ನಿಮ್ಮ ಬೆರಳುಗಳು ಚಾಸಿಸ್‌ನ ಮೇಲೆಯೇ ಇರುತ್ತವೆ. ಟ್ರಾನ್ಸ್‌ಫಾರ್ಮರಿನ ಒಳಹೊದಿಕೆ ಸುಟ್ಟೋ ಫೇಸ್ ತಂತಿ ಕಳಚಿಯೋ ಚಾಸಿಸ್‌ಗೆ ತಾಗಿದರೆ, ಅರ್ತ್ ಇದ್ದಲ್ಲಿ ಫ್ಯೂಸ್ ಹಾರುತ್ತದೆ. ಇಲ್ಲದಿದ್ದಲ್ಲಿ 230 ವೋಲ್ಟ್ ತಂತಿಗಳ ಮೇಲೆ ಕಾಯುತ್ತ ಕೂರುತ್ತದೆ, ನೀವು ಇನ್ನೊಂದು ಕೈಯಲ್ಲಿ ಮೈಕ್ ಹಿಡಿದ ಗಳಿಗೆಯಲ್ಲಿ ಎದೆಯ ಮೂಲಕ ಹರಿಯುತ್ತದೆ. ಕಾಲಲ್ಲಿ ರಬ್ಬರ್ ಚಪ್ಪಲಿ ಇದೆಯಲ್ಲ ಎನ್ನುವವರು ಈ ಎರಡನೆಯ ಕೈಯನ್ನು ಮರೆತಿರುತ್ತಾರೆ. ಅರ್ತ್ ಕೀಳಲು ಹೇಳುವ ರಿಪೇರಿಯವರ ಬಳಿ ಯಾವ ಆಂಪನ್ನೂ ಒಯ್ಯಬೇಡಿ.

ಸದ್ದಿನ ಕಾರಣ ಬೇರೆ. ಕಂಪ್ಯೂಟರ್‌ಗೂ ಆಂಪ್‌ಗೂ ಒಂದೊಂದು ಅರ್ತ್ ಇದ್ದು, ನಡುವಿನ ಕೇಬಲ್ ಆ ಎರಡನ್ನೂ ಸೇರಿಸಿದಾಗ ಒಂದು ಸುತ್ತು ಏರ್ಪಡುತ್ತದೆ. ಅದರಲ್ಲಿ ಹರಿಯುವ ಅಲ್ಪ ಕರೆಂಟೇ ನಿಮಗೆ ಕೇಳಿಸುತ್ತಿರುವುದು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಸಿಗ್ನಲ್ ಕೇಬಲ್‌ನ ನಡುವೆ ಒಂದಕ್ಕೊಂದು ಅನುಪಾತದ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ. ಸುತ್ತನ್ನು ಸಿಗ್ನಲ್ ದಾರಿಯಲ್ಲಿ ಕತ್ತರಿಸಬೇಕೇ ಹೊರತು ವಿದ್ಯುತ್ತಿನ ಅರ್ತ್‌ನಲ್ಲಲ್ಲ. ಯಾವ ಕೇಬಲ್ ಇಲ್ಲದಾಗಲೂ ಸದ್ದಿದ್ದರೆ ದೋಷ ಆಂಪ್‌ನ ಒಳಗಿದೆ: 50 ಹರ್ಟ್ಸ್‌ನ ತಗ್ಗಿದ ಸ್ವರವಾದರೆ ವಾಲ್ವ್‌ಗಳ ಹೀಟರ್ ತಂತಿಗಳನ್ನು ಬಿಗಿಯಾಗಿ ಹೆಣೆದಿಲ್ಲ ಅಥವಾ ಹೀಟರ್‌ನ ಮಧ್ಯಬಿಂದುವನ್ನು ಚಾಸಿಸ್‌ಗೆ ಕೊಟ್ಟಿಲ್ಲ ಎಂದು ಶಂಕಿಸಿ, 100 ಹರ್ಟ್ಸ್ ಆದರೆ ಫಿಲ್ಟರ್ ಕೆಪ್ಯಾಸಿಟರ್‌ಗಳನ್ನು ನೋಡಿ.

ಒಳಗೆ ನೋಡುವುದೆಂದರೆ ಮೊದಲು ಪ್ಲಗ್ ಕೀಳಬೇಕು, ಆದರೆ ಅಷ್ಟರಿಂದ ಆಂಪ್ ಸತ್ತಂತಾಗುವುದಿಲ್ಲ. ಇಂಥ ಪುಟ್ಟ ಆಂಪ್‌ನಲ್ಲೂ ಕೆಪ್ಯಾಸಿಟರ್‌ಗಳು 300 ವೋಲ್ಟ್‌ಗಿಂತ ಹೆಚ್ಚನ್ನು ಹಿಡಿದಿಟ್ಟುಕೊಂಡಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಪದ್ಧತಿ ಕೆಪ್ಯಾಸಿಟರನ್ನೂ ಕಣ್ಣನ್ನೂ ಕೆಡಿಸುವಂಥದ್ದು. 10 ಕಿಲೋಓಮ್, 5 ವ್ಯಾಟ್‌ನ ರೆಸಿಸ್ಟರಿಗೆ ಚೆನ್ನಾಗಿ ಹೊದಿಸಿದ ತಂತಿ ಮತ್ತು ಕ್ಲಿಪ್ ಜೋಡಿಸಿಕೊಂಡು, ಒಂದು ಕೈಯನ್ನು ಜೇಬಿನಲ್ಲಿಟ್ಟು, ಪ್ರತಿ ಕೆಪ್ಯಾಸಿಟರನ್ನೂ ಕೆಲವು ಸೆಕೆಂಡು ಬರಿದು ಮಾಡಿ. ಅನಂತರ ಮೀಟರಿನಲ್ಲಿ ಅಳೆದು ಕೆಲವೇ ವೋಲ್ಟ್ ಎಂದು ಕಂಡ ಮೇಲೆಯೇ ಮುಟ್ಟಿ. ಮೊದಲ ಕೆಪ್ಯಾಸಿಟರಿಗೆ 220 ಕಿಲೋಓಮ್, 2 ವ್ಯಾಟ್‌ನ ಬ್ಲೀಡರ್ ರೆಸಿಸ್ಟರ್ (ಪ್ಲಗ್ ಕಿತ್ತ ಮೇಲೆ ಕೆಪ್ಯಾಸಿಟರನ್ನು ತಾನೇ ಬರಿದು ಮಾಡುವಂಥದ್ದು) ಶಾಶ್ವತವಾಗಿ ಹಾಕಿಬಿಡಿ. ಅದಿದ್ದರೂ ಅಳೆಯುವುದನ್ನು ಬಿಡಬೇಡಿ, ಏಕೆಂದರೆ ಬ್ಲೀಡರ್ ಕೂಡ ಸುಟ್ಟುಹೋಗಬಲ್ಲದು.

ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇದೆ, ಭಯವಿಲ್ಲ ಎಂದು ಅನೇಕರು ಬರೆಯುತ್ತಾರೆ. ಅದು ಇರಲೇಬೇಕು. ಆದರೆ ಅದು ಕಾಯುವುದು ಟ್ರಾನ್ಸ್‌ಫಾರ್ಮರಿನ ಈಚೆಯನ್ನು, ಅಂದರೆ ಗೋಡೆಯ ಸಾಕೆಟ್ಟಿನ ಕಡೆಯನ್ನು ಮಾತ್ರ. ಆಚೆಯ ಹೈವೋಲ್ಟೇಜ್ ಬೇರೆಯೇ ಸುತ್ತು ಆದ್ದರಿಂದ ಅಲ್ಲಿ ನಿಮಗೆ ಶಾಕ್ ಹೊಡೆದರೆ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ. ಇನ್ನು, ಗೋಡೆಯ ಸಾಕೆಟ್ಟಿನಲ್ಲಿ ಮೂರನೆಯ ತೂತಿದ್ದ ಮಾತ್ರಕ್ಕೆ ಅದರ ಹಿಂದೆ ಅರ್ತ್ ಇದೆಯೆಂದಲ್ಲ. ಮೀಟರ್ ತೀರ ಕಡಿಮೆ ಕರೆಂಟ್ ಎಳೆಯುವುದರಿಂದ, ಫೇಸ್‌ಗೂ ಅರ್ತ್‌ಗೂ ನಡುವೆ ಅಳೆದಾಗ ತುಕ್ಕು ಹಿಡಿದ ಅರ್ತ್ ಕೂಡ 230 ವೋಲ್ಟ್ ತೋರಿಸಿ ನಂಬಿಸುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಪರೀಕ್ಷೆ ಮಾಡಿಸಿ. ಆಂಪ್‌ನೊಳಗೆ ಅರ್ತ್ ತಂತಿಗೆ ಪ್ರತ್ಯೇಕ ಬೋಲ್ಟ್ ಇರಲಿ, ಮತ್ತು ಅದು ಫೇಸ್, ನ್ಯೂಟ್ರಲ್‌ಗಳಿಗಿಂತ ಉದ್ದವಾಗಿರಲಿ. ಯಾರಾದರೂ ವೈರನ್ನು ಎಳೆದರೆ ಕೊನೆಗೆ ಕಳಚುವುದು ಅದೇ ಆಗಬೇಕು. ಅಮೆರಿಕದ ಹಳೆಯ ನಕ್ಷೆಗಳಲ್ಲಿ ವಿದ್ಯುತ್ ತಂತಿಯಿಂದ ಚಾಸಿಸ್‌ಗೆ ಒಂದು ಕೆಪ್ಯಾಸಿಟರ್ ಇದ್ದರೆ ಅದನ್ನು ಹಾಕಲೇಬೇಡಿ. ಎರಡು ಪಿನ್ನಿನ ಪ್ಲಗ್‌ನ ಕಾಲದ ಅದು ಶಾರ್ಟ್ ಆದರೆ ಚಾಸಿಸ್‌ಗೆ ನೇರವಾಗಿ ಫೇಸ್ ಬಂದಂತೆ. ಹೊಸ ಆಂಪನ್ನು ಮೊದಲ ಬಾರಿ ಹಚ್ಚುವಾಗ 60 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡ್ (ಕರೆಂಟ್ ಬಲ್ಬಿನ ಮೂಲಕವೇ ಆಂಪ್‌ಗೆ ಹೋಗುವ ಬೋರ್ಡ್) ಮೂಲಕ ಹಚ್ಚಿ. ಬಲ್ಬು ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಇದರಿಂದ ಉಳಿಯುವುದು ಟ್ರಾನ್ಸ್‌ಫಾರ್ಮರ್. ಶಾಕ್‌ನಿಂದ ನಿಮ್ಮನ್ನು ಇದು ಕಾಪಾಡದು.

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಇಲ್ಲದೆ, ಕೆಪ್ಯಾಸಿಟರ್ ಒಂದರಿಂದಲೇ 230 ವೋಲ್ಟನ್ನು 9 ವೋಲ್ಟಿಗೆ ಇಳಿಸಿ ಪೆಡಲ್ ನಡೆಸಬಹುದೆ?

ಉತ್ತರ: ಗಿಟಾರಿನ ತಂತಿಗೆ ನೇರವಾಗಿ ಫೇಸ್ ಕೊಡುವ ದಾರಿ ಅದು, 9 ವೋಲ್ಟಿನ ಬ್ಯಾಟರಿಯನ್ನೋ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಅಡಾಪ್ಟರನ್ನೋ ಬಳಸಿ.

ಪ್ರಶ್ನೆ: ಅಮೆರಿಕದಿಂದ ತರಿಸಿದ 120 ವೋಲ್ಟ್‌ನ ಕಿಟ್ ಇಲ್ಲಿ ನಡೆಯುತ್ತದೆಯೆ?

ಉತ್ತರ: ಇಲ್ಲ, 230 ವೋಲ್ಟ್, 50 ಹರ್ಟ್ಸ್‌ನ ಪವರ್ ಟ್ರಾನ್ಸ್‌ಫಾರ್ಮರ್ ಹಾಕಿ.

ಪ್ರಶ್ನೆ: ಬೀಟೆ ಮರದ ಫಿಂಗರ್‌ಬೋರ್ಡ್ ಉಜ್ಜುವಾಗ ಕೈ ತುರಿಸುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಕೆ?

ಉತ್ತರ: ಸಾಲದು. ಬೀಟೆಯ ದೂಳು ಚರ್ಮಕ್ಕೂ ಶ್ವಾಸಕೋಶಕ್ಕೂ ಅಲರ್ಜಿ ತರುತ್ತದೆ, ಮತ್ತು ಒಮ್ಮೆ ಅಂಟಿದ ಅಲರ್ಜಿ ಹೆಚ್ಚಾಗುತ್ತ ಹೋಗಬಹುದು; ಎನ್95 ಮಾಸ್ಕ್, ಉದ್ದ ತೋಳಿನ ಅಂಗಿ ಬೇಕು. ಲ್ಯಾಕರ್ ಸಿಂಪಡಿಸುವ ದಿನ ಆ ಮಾಸ್ಕೂ ಕೆಲಸಕ್ಕೆ ಬಾರದು. ಆವಿ ಹೀರುವ ಕಾರ್ಟ್ರಿಡ್ಜ್‌ನ ರೆಸ್ಪಿರೇಟರ್ ಹಾಕಿ, ಬಾಗಿಲು ಕಿಟಕಿ ತೆರೆದು, ಒಲೆ ಆರಿಸಿ.

ಪ್ರಶ್ನೆ: ಇದನ್ನೆಲ್ಲ ಎಲ್ಲಿ ಕಲಿಯಬೇಕು?

ಉತ್ತರ: ಪೆಡಲ್‌ಗಳಿಗೆ ಆರ್. ಜಿ. ಕೀನ್ ಅವರ ಬರಹಗಳನ್ನೂ ಆಂಪ್‌ಗಳಿಗೆ ಆಸ್ಟ್ರೇಲಿಯಾದ ರಾಡ್ ಎಲಿಯಟ್ ಅವರ ಬರಹಗಳನ್ನೂ ಓದಿ. ಎಲಿಯಟ್ ಅವರು ವಿದ್ಯುತ್ ಸುರಕ್ಷತೆಯ ಬಗ್ಗೆ ಬರೆದದ್ದನ್ನು ಮೊದಲು ಮುಗಿಸಿ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ, ಆದರೆ ಫಿಲ್ಟರ್ ಕೆಪ್ಯಾಸಿಟರನ್ನು ಮಾತ್ರ ಹಳೆಯ ಬೋರ್ಡಿನಿಂದ ಕಿತ್ತದ್ದು ಕೊಳ್ಳದೆ, 450 ವೋಲ್ಟ್ ಅಥವಾ ಅದಕ್ಕೂ ಮೇಲಿನ ಹೊಸದನ್ನೇ ಕೇಳಿ ಪಡೆಯಿರಿ.